ದ್ಯಾವಮ್ಮನ ಮಗನೂ ಒಡೆದ ಮಂತ್ರದ ಸಾಮಾನುಗಳೂ

ಹೂಂಗುಟ್ಟುವವರು ಹತ್ತಿರ ಬನ್ನಿ, ತೂಕಡಿಸುವವರು ಗೋಡೆಗೆ ಒರಗಿಕೊಳ್ಳಿ. ನಾನೀಗ ಹೇಳುವುದು ದ್ಯಾವಮ್ಮನ ಕತೆ, ಅವಳ ಮಗ ಬೊಮ್ಮನ ಕತೆ. ಬೊಮ್ಮನಿಗೆ ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ ಮಾತು ಕೇಳದ ಮಕ್ಕಳಿಂದ ತಾಯಂದಿರು ಗೋಳಾಡುವುದನ್ನು ನೀವು ನೋಡಿದ್ದೀರಿ. ದ್ಯಾವಮ್ಮನ ಗೋಳೇ ಬೇರೆ. ಅವಳ ಮಗ ಹೇಳಿದ ಮಾತನ್ನು ಪೂರಾ ಕೇಳುತ್ತಿದ್ದ, ಒಂದಿಷ್ಟೂ ಬಿಡದೆ ಕೇಳುತ್ತಿದ್ದ. ಅದೂ ಇವತ್ತು ಹೇಳಿದ್ದನ್ನು ನಾಳೆಗೆ ಇಟ್ಟುಕೊಂಡು ಮಾಡುತ್ತಿದ್ದ.

ದ್ಯಾವಮ್ಮನ ಕಸುಬು ಆ ಸೀಮೆಯಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಮಂತ್ರದ ಸಾಮಾನು ಹರಿದರೆ, ಒಡೆದರೆ, ಮುಕ್ಕಾದರೆ ಜನ ಅವಳ ಮನೆಗೆ ತರುತ್ತಿದ್ದರು. ಅವಳು ಹರಿದದ್ದನ್ನು ಹೊಲಿಯುತ್ತಿದ್ದಳು, ಒಡೆದದ್ದಕ್ಕೆ ಅರಗು ಹಾಕುತ್ತಿದ್ದಳು. ನಮ್ಮ ನಿಮ್ಮ ಮಡಕೆ ಒಡೆದರೆ ನೀರು ಸೋರುತ್ತದೆ, ಅಲ್ಲಿಗೆ ಮುಗಿಯಿತು. ಮಂತ್ರದ ಸಾಮಾನು ಹಾಗಲ್ಲ. ಒಡೆದರೂ ಅದರ ಮಂತ್ರ ಸಾಯುವುದಿಲ್ಲ, ಸೊಟ್ಟಗಾಗುತ್ತದೆ. ಸೀಳು ಬಿಟ್ಟ ಬಡಿಗೆ ಕಳ್ಳನಿಗೆ ಒಂದು ಏಟು ಕೊಟ್ಟರೆ ಒಡೆಯನಿಗೂ ಒಂದು ಕೊಡುತ್ತದೆ. ಬಿರುಕು ಬಿಟ್ಟ ಕನ್ನಡಿ ಕೇಳಿದ್ದಕ್ಕೆ ನಿಜವನ್ನೇ ಹೇಳುತ್ತದೆ, ಆದರೆ ಪಕ್ಕದ ಮನೆಯವರ ನಿಜವನ್ನು ಹೇಳುತ್ತದೆ. ಅದಕ್ಕೇ ಆ ಕಸುಬಿನಲ್ಲಿ ಒಂದು ಕಟ್ಟಳೆಯಿತ್ತು. ಸಾಮಾನು ಕೈ ಬದಲಾಗುವ ಮೊದಲು ಅದರ ಊನವನ್ನು ಬಾಯಿಬಿಟ್ಟು ಹೇಳಬೇಕು. ಊನ ಮುಚ್ಚಿಟ್ಟವನ ಕೈಯಲ್ಲಿ ಅನ್ನ ಹಳಸುತ್ತದೆ ಎಂದು ಎಲ್ಲರೂ ನಂಬಿದ್ದರು.

ಇಂಥ ದ್ಯಾವಮ್ಮನ ಕಣ್ಣಿಗೆ ಪೊರೆ ಬರತೊಡಗಿತು. ಮೊದಲು ದಾರ ಕಾಣದಾಯಿತು, ಆಮೇಲೆ ಸೂಜಿ ಕಾಣದಾಯಿತು. ಕೈ ತಡವಿ ತಡವಿ ಹೊಲಿಯುವಳು, ಬೆರಳಿಗೆಲ್ಲ ಚುಚ್ಚಿಕೊಳ್ಳುವಳು. ಅವಳಿಗೆ ತನ್ನ ಕಣ್ಣಿನ ಚಿಂತೆಯಲ್ಲ. ಕಣ್ಣು ಹೋದರೆ ಕಸುಬು ಹೋಯಿತು, ಕಸುಬು ಹೋದರೆ ಈ ಪೆದ್ದನ ಹೊಟ್ಟೆಗೆ ಹಾಕುವವರು ಯಾರು? ಅದೇ ಅವಳನ್ನು ಕೊರೆಯುತ್ತಿತ್ತು. ಕಣ್ಣು ಪೂರ್ತಿ ಹೋಗುವಷ್ಟರಲ್ಲಿ ಇವನಿಗೆ ಒಂದಿಷ್ಟಾದರೂ ಕಸುಬು ಹತ್ತಲಿ ಎಂದು, ಸಾಮಾನು ತರುವ ಕೆಲಸಕ್ಕೆ ಅವನನ್ನು ಹಚ್ಚಿದಳು.

ಮೊದಲ ಸಲ ಛತ್ರದ ರುದ್ರಕ್ಕನ ಮನೆಗೆ ಕಳಿಸಿದಳು. ಅಲ್ಲಿ ಅನ್ನ ಕೊಡುವ ಮಡಕೆಯಿತ್ತು, ಅದರ ಅಂಚು ಮುಕ್ಕಾಗಿತ್ತು. ಎರಡೂ ಕೈಯಲ್ಲಿ ಹಿಡಿದು ಜೋಪಾನವಾಗಿ ತಾ, ಏನೇ ಆದರೂ ಕೈ ಬಿಡಬೇಡ ಎಂದು ಹೇಳಿದ್ದಳು. ರುದ್ರಕ್ಕ ಕಟ್ಟಳೆಯ ಪ್ರಕಾರ ಊನ ಹೇಳಿಯೇ ಕೊಟ್ಟಳು. ಅಂಚು ಮುಕ್ಕಾದ ಮೇಲೆ ಇದಕ್ಕೆ ಸಾಕು ಅನ್ನುವುದು ಗೊತ್ತಾಗುವುದಿಲ್ಲ ಕಣಪ್ಪ, ಬಾಯಿ ಮೇಲಾದರೆ ಅನ್ನ ಉಕ್ಕುತ್ತಲೇ ಇರುತ್ತದೆ, ಎಂದಳು.

ಬೊಮ್ಮ ಎರಡೂ ಕೈಯಲ್ಲಿ ಹಿಡಿದ, ಬಾಯಿ ಮೇಲೆ ಮಾಡಿಯೇ ಹಿಡಿದ. ಅನ್ನ ಉಕ್ಕಿತು. ತೋಳಿನ ಮೇಲೆ ಸುರಿಯಿತು, ಕಾಲಿನ ಮೇಲೆ ಸುರಿಯಿತು, ದಾರಿಯುದ್ದಕ್ಕೂ ಸುರಿಯಿತು. ಬಿಸಿ ಅನ್ನ, ಕೈ ಚುರುಚುರು ಅನ್ನುತ್ತಿದ್ದರೂ ಅವನು ಬಿಡಲಿಲ್ಲ. ಹಿಂದೆ ನಾಯಿ ಬಂದವು, ಕಾಗೆ ಬಂದವು, ಯಾರದೋ ಮೇಕೆ ಬಂದವು. ಮನೆ ಮುಟ್ಟುವ ಹೊತ್ತಿಗೆ ಅವನ ಹಿಂದೆ ದೇವರ ಉತ್ಸವದ ಹಾಗೆ ಮೆರವಣಿಗೆಯೇ ಇತ್ತು.

ದ್ಯಾವಮ್ಮ ಹಣೆ ಚಚ್ಚಿಕೊಂಡಳು. "ಲೋ ಬೊಮ್ಮ! ರುದ್ರಕ್ಕ ಊನ ಹೇಳ್ಲಿಲ್ವೇನೋ?"

"ಹೇಳಿದ್ಲು ಕಣವ್ವ. ಆದ್ರೆ ನೀನು ಹೇಳಿರ್ಲಿಲ್ವಲ್ಲ."

"ಬೋರಲು ಹಾಕಿ ತಲೆ ಮೇಲೆ ಹೊತ್ಕೊಂಡು ತರ್ಬೇಕು ಕಣೋ!"

"ಆಗ್ಲವ್ವ," ಎಂದ ಬೊಮ್ಮ. ಬೋರಲು, ತಲೆ ಮೇಲೆ. ಬೋರಲು, ತಲೆ ಮೇಲೆ. ಅದನ್ನೇ ಜಪಿಸುತ್ತ ಮಲಗಿದ.

ಆಮೇಲೆ ಗುಡ್ಡದ ಹುಲಿಯಪ್ಪಜ್ಜ ಎಂಬ ಮಂತ್ರವಾದಿ ಹೇಳಿ ಕಳಿಸಿದ. ಅವನ ಹಾರುವ ಚಾಪೆಯ ಅಂಚು ಬಿಚ್ಚಿಹೋಗಿತ್ತು. ಅಜ್ಜನೂ ಊನ ಹೇಳಿದ. ಚಾಪೆ ಗಟ್ಟಿಯಿದ್ದಾಗ ಹಾರು ಅಂದರೆ ಮಾತ್ರ ಹಾರುತ್ತಿತ್ತಂತೆ. ಈಗ ಅಪ್ಪಣೆಯೂ ಬೇಡ, ಮೈ ತಾಗಿದರೆ ಸಾಕು, ತನ್ನ ಮುಖ ಎತ್ತಲೋ ಅತ್ತ ಹಾರಿಬಿಡುತ್ತದಂತೆ. ಬೊಮ್ಮ ತಲೆಯಾಡಿಸಿದ. ಚಾಪೆಯನ್ನು ಬೋರಲು ಹಾಕಿದ, ತಲೆ ಮೇಲೆ ಹೊತ್ತ.

ಚಾಪೆಯ ಮುಖ ಈಗ ನೆಲದ ಕಡೆಗಿತ್ತು. ಅದು ಕೆಳಕ್ಕೆ ಹಾರಿತು. ಅಜ್ಜನ ಮನೆ ಮುಂದಿನ ಉತ್ತ ಹೊಲದ ಮೆತ್ತನೆ ಮಣ್ಣಿನಲ್ಲಿ ಬೊಮ್ಮ ಮೊಣಕಾಲಿನವರೆಗೆ ಇಳಿದ, ಸೊಂಟದವರೆಗೆ ಇಳಿದ, ಕುತ್ತಿಗೆಯವರೆಗೆ ಇಳಿದ. ಉಳುವವರು ಓಡಿಬಂದು ಚಾಪೆ ಕಿತ್ತು ಆಚೆ ಎಸೆದು, ಗುದ್ದಲಿ ತಂದು ಅವನನ್ನು ಗೆಣಸಿನ ಹಾಗೆ ಅಗೆದು ತೆಗೆದರು. ಹೊರಗೆ ಬಂದವನೇ, ನೆಲದೊಳಗೆ ಎರೆಹುಳಕ್ಕೆ ಕಣ್ಣಿಲ್ಲದಿದ್ದರೂ ದಾರಿ ಹೇಗೆ ಗೊತ್ತಾಗುತ್ತದೆ ಎಂದು ಅವರನ್ನು ಕೇಳಿದನಂತೆ. ಪಾಪ, ಅವನಿಗೆ ಎಲ್ಲವೂ ಸೋಜಿಗವೇ.

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಮಣ್ಣು ಮೆತ್ತಿಕೊಂಡು ಬಂದ ಈ ಹೆಗ್ಗಣವನ್ನು ದ್ಯಾವಮ್ಮ ಬಾವಿಕಟ್ಟೆಯಲ್ಲಿ ಕೂರಿಸಿ ತೊಳೆದಳು. ತೊಳೆಯುತ್ತ ಬೈದಳು, ಬೈಯುತ್ತ ತೊಳೆದಳು.

"ಸುರುಳಿ ಸುತ್ತಿ, ಹಗ್ಗ ಬಿಗಿದು, ಕಂಕುಳಲ್ಲಿ ಇಟ್ಕೊಂಡು ತರ್ಬೇಕು ಕಣೋ ಮುಟ್ಠಾಳ!"

"ಆಗ್ಲವ್ವ," ಎಂದ ಬೊಮ್ಮ.

ಉಳುವವರು ಕೋಲಿಗೆ ಸಿಕ್ಕಿಸಿ ತಂದುಕೊಟ್ಟ ಆ ಚಾಪೆಯನ್ನು ಗೂಟಕ್ಕೆ ಬಿಗಿದು, ಅದರ ಅಂಚನ್ನು ಅವಳು ತಡವಿಕೊಂಡೇ ಹೊಲಿದಳು. ಹೊಲಿಗೆ ಮುಗಿಯುವ ಹೊತ್ತಿಗೆ ಬೆರಳಿನ ತುದಿಯೆಲ್ಲ ಜರಡಿಯಾಗಿತ್ತು.

ಮೂರನೆಯ ಸಲ ಕುರಿ ಕಾಯುವ ಕಾಟಯ್ಯನ ಹಟ್ಟಿಗೆ ಹೋದ. ಕಾಟಯ್ಯನದು ಕಾಣದ ಕಂಬಳಿ, ಹೊದ್ದವರು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಈಗ ಹುಳ ತಿಂದು ತೂತಾಗಿತ್ತು. ಕಾಟಯ್ಯ ಹೇಳಿದ ಊನ ಇದು: ಹೊದ್ದವನನ್ನು ಪೂರಾ ಮರೆಮಾಡುವ ಕಸುವು ಹೋಗಿದೆ, ತನ್ನ ಪಕ್ಕಕ್ಕೆ ತಾಗಿದ್ದನ್ನು ಮಾತ್ರ ಮಾಯ ಮಾಡುತ್ತದೆ. ಕೋಲಿನ ತುದಿಗೆ ನೇತುಹಾಕಿಕೊಂಡು ಹೋಗು ಎಂದು ಕೋಲನ್ನೂ ಕೊಟ್ಟ. ಬೊಮ್ಮ ಕೋಲು ಬೇಡ ಎಂದ. ಅವ್ವ ಹೇಳಿದ್ದಾಳೆ ಎಂದು ಸುರುಳಿ ಸುತ್ತಿದ, ಹಗ್ಗ ಬಿಗಿದ, ಎಡ ಕಂಕುಳಲ್ಲಿ ಇಟ್ಟುಕೊಂಡ.

ಅರ್ಧ ದಾರಿಯಲ್ಲಿ ಸೊಳ್ಳೆ ಕಚ್ಚಿತು. ಹೊಡೆಯಲು ನೋಡಿದರೆ ಎಡಗೈಯೇ ಇಲ್ಲ! ಬಂದ ದಾರಿಯಲ್ಲೇ ಹಿಂದಿರುಗಿದ. ಪೊದೆಯಲ್ಲಿ ಹುಡುಕಿದ, ಹಳ್ಳದಲ್ಲಿ ಹುಡುಕಿದ, ಕಾಟಯ್ಯನ ಕುರಿಗಳನ್ನು ಒಂದೊಂದಾಗಿ ಎಬ್ಬಿಸಿ ಅಡಿಯಲ್ಲಿ ಹುಡುಕಿದ. ಬಾವಿಯ ಹತ್ತಿರ ನೀರು ಸೇದುವ ಹೆಂಗಸರನ್ನು ತಡೆದು, ದಾರಿಯಲ್ಲಿ ಒಂದು ಎಡಗೈ ಬಿದ್ದಿದ್ದು ಕಂಡಿರಾ, ಮೊಣಕೈ ಹತ್ತಿರ ಮಚ್ಚೆಯಿದೆ ಎಂದು ಗುರುತು ಹೇಳಿದ. ಅವರು ನಕ್ಕು ನಕ್ಕು ಕೊಡ ಒಡೆದುಕೊಂಡರು. ಸುದ್ದಿ ಅವನಿಗಿಂತ ಮೊದಲೇ ಮನೆ ಮುಟ್ಟಿತು.

ದ್ಯಾವಮ್ಮ ಕಂಬಳಿಯನ್ನು ಕಂಕುಳಿಂದ ಕಿತ್ತು ಎಸೆದಳು. ಕೈ ಬಂತು. ಬೊಮ್ಮ ಬಹಳ ದಿನದ ಮೇಲೆ ಸಿಕ್ಕ ನೆಂಟನ ಹಾಗೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ಏನಾದ್ರೂ ಕಾಣ್ದೆ ಹೋದ್ರೆ ಊರೆಲ್ಲ ಕೂಗ್ಬಾರ್ದು ಕಣೋ," ಎಂದಳು ದ್ಯಾವಮ್ಮ. ಅವಳ ದನಿ ಸೋತಿತ್ತು. "ಕಾಣ್ದೆ ಹೋದ ಜಾಗಕ್ಕೇ ಮೂತಿ ತಂದು, ಕಣ್ಣರಳಿಸಿ ನೋಡ್ಬೇಕು."

"ಆಗ್ಲವ್ವ."

ಕಂಬಳಿಗೆ ತೇಪೆ ಹಾಕಲು ಕೂತಳು. ಸೂಜಿಗೆ ದಾರ ಹೋಗಲಿಲ್ಲ. ಮಗನ ಕೈಗೆ ಕೊಟ್ಟಳು. ಅವನು ದಾರ ಹಾಕುವ ಬದಲು ಸೂಜಿಯ ಕಣ್ಣಿನ ಆಚೆಗೆ ಏನಿದೆ ಎಂದು ಇಣುಕಿ ನೋಡುತ್ತ ಕೂತ. ದ್ಯಾವಮ್ಮ ಸೂಜಿ ಕೆಳಗಿಟ್ಟು ಅತ್ತಳು.

ಚಾಪೆ ಒಯ್ಯಲು ಬಂದ ಹುಲಿಯಪ್ಪಜ್ಜ ಅವಳ ಬೆರಳು ನೋಡಿದ. ನೋಡಿ, ಮಡಿಲಿನಿಂದ ಒಂದು ಕರಡಿಗೆ ತೆಗೆದ. ಅದರಲ್ಲಿದ್ದದ್ದು ಕಣ್ಣು ಕೊಡುವ ಅಂಜನ. ಮುಚ್ಚಳ ಮುರಿದು, ಗಾಳಿಯಾಡಿ ಒಣಗಿ, ತಳದಲ್ಲಿ ಒಂದು ಚೂರು ಉಳಿದಿತ್ತು.

"ಇದಕ್ಕೂ ಊನ ಐತೆ ತಾಯಿ," ಎಂದ ಅಜ್ಜ. "ಇದನ್ನ ಹಚ್ಚಿದ ಕಣ್ಣು ಮೊದಲು ಏನನ್ನ ನೋಡುತ್ತೋ ಅದಕ್ಕೇ ಅಂಟ್ಕೊಂಡುಬಿಡುತ್ತೆ. ಸಾಯೋಗಂಟ ಅದೊಂದೇ ಕಾಣೋದು. ಮಿಕ್ಕಿದ್ದೆಲ್ಲ ಬಿಳಿ ಮಂಜು. ಇನ್ನೊಂದು ಸಲ ಹಚ್ಚೋಕೆ ಅಂಜನ ಮಿಗೋದಿಲ್ಲ. ಯೋಚನೆ ಮಾಡಿ ಹಚ್ಕೊ."

ದ್ಯಾವಮ್ಮ ಯೋಚನೆ ಮಾಡಿದಳು. ಜನ್ಮಕ್ಕೆಲ್ಲ ಒಂದೇ ಒಂದು ನೋಟ ಅಂದರೆ ಯಾವುದನ್ನು ಆರಿಸುವುದು? ನೀವಾದರೆ ಏನು ಆರಿಸುತ್ತಿದ್ದಿರೋ ನನಗೆ ಗೊತ್ತಿಲ್ಲ. ಪಕ್ಕದ ಮನೆಯ ತಿಮ್ಮಕ್ಕ, ದೇವರ ಪಟ ನೋಡೇ, ಪುಣ್ಯ ಬರುತ್ತದೆ ಎಂದಳು. ದೇವರು ನನ್ನನ್ನು ನೋಡುತ್ತಿದ್ದರೆ ಸಾಕು, ನಾನು ನೋಡಬೇಕಾದ್ದು ಸೂಜಿಯನ್ನು ಎಂದಳು ದ್ಯಾವಮ್ಮ. ಬರೀ ಸೂಜಿ ನೋಡಿದರೆ ದಾರ ಕಾಣದು, ಎರಡನ್ನೇ ನೋಡಿದರೆ ಬಟ್ಟೆ ಕಾಣದು. ಅದಕ್ಕೇ ಒಂದು ಮೊರದಲ್ಲಿ ಸೂಜಿ, ದಾರ, ಅರಗು, ತೇಪೆ ಬಟ್ಟೆ ಎಲ್ಲ ಹರಡಿಸಿದಳು. ಒಂದೇ ನೋಟಕ್ಕೆ ಅಷ್ಟೂ ಸಿಕ್ಕಿದರೆ ಕಸುಬು ಉಳಿಯುತ್ತದೆ, ಕಸುಬು ಉಳಿದರೆ ಮಗ ಉಳಿಯುತ್ತಾನೆ. ಇದು ಅವಳ ಲೆಕ್ಕ.

ಬೆಳಗಿನ ಬಿಸಿಲಿಗೆ ಅಂಗಳದಲ್ಲಿ ಕೂತಳು. ಮೊರವನ್ನು ಬೊಮ್ಮನ ಕೈಗೆ ಕೊಟ್ಟು, ನನ್ನ ಮುಖದ ಮುಂದೆ ಹಿಡಿದುಕೋ ಎಂದಳು. ಬೊಮ್ಮ ಹಿಡಿದ, ಅಲ್ಲಾಡದೆ ಹಿಡಿದ. ಅವಳು ಕಣ್ಣು ಮುಚ್ಚಿ ರೆಪ್ಪೆಗೆ ಅಂಜನ ಸವರಿದಳು. ಅಂಜನ ಉರಿಯಿತು, ನೀರು ಧಾರಾಕಾರ ಸುರಿಯಿತು. ಮುಚ್ಚಿದ ಕಣ್ಣೊಳಗೆ ಕತ್ತಲೆ ಇನ್ನೂ ಕಪ್ಪಾಯಿತು. ಅವಳು ಹೆದರಿದಳು.

"ಅಯ್ಯೋ ಬೊಮ್ಮ, ಏನೂ ಕಾಣಿಸ್ತಿಲ್ವಲ್ಲೋ!"

ಕಾಣದೆ ಹೋದರೆ ಏನು ಮಾಡಬೇಕು ಅನ್ನುವುದು ಬೊಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಈ ಸಲ ತಪ್ಪುವುದಿಲ್ಲ ಎಂದುಕೊಂಡ. ಊರವರನ್ನು ಕೂಗಲಿಲ್ಲ. ಮೊರವನ್ನು ಮೆಲ್ಲಗೆ ಕೆಳಗಿಟ್ಟ. ಅವಳ ಕಣ್ಣಿನ ಹತ್ತಿರಕ್ಕೇ ಮೂತಿ ತಂದ, ಕಣ್ಣರಳಿಸಿದ.

ದ್ಯಾವಮ್ಮ ಕಣ್ಣು ತೆರೆದಳು.

ಕಂಡಿತು. ಎಷ್ಟು ಚೆನ್ನಾಗಿ ಕಂಡಿತು! ದುಂಡು ಮೂಗು ಕಂಡಿತು, ಹುಬ್ಬಿನ ನಡುವಿನ ಗಾಯದ ಗುರುತು ಕಂಡಿತು, ಬಾಯಿ ತೆರೆದು ಆಸೆಯಿಂದ ನೋಡುತ್ತಿರುವ ಮಗನ ಮುಖ ಕಂಡಿತು. ಅದರ ಆಚೆಗೆ ಅಂಗಳವಿಲ್ಲ, ಆಕಾಶವಿಲ್ಲ. ಕೆಳಗೆ ಮೊರವಿಲ್ಲ, ಸೂಜಿಯಿಲ್ಲ. ಎಲ್ಲ ಬಿಳಿ ಮಂಜು.

ಅವಳಿಗೆ ಸಿಟ್ಟು ಬಂತು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತಲ್ಲ ನನ್ನ ಬದುಕು ಎಂದಳು. ಯಾರಿಗಾಗಿ ಕಣ್ಣು ಬೇಡಿದೆನೋ ಅವನೇ ಕಣ್ಣು ತಿಂದನಲ್ಲ ಎಂದಳು. ಬೈಗುಳ ಮುಗಿದ ಮೇಲೆ, ಯಾವ ತಾಯಿಯಾದರೂ ಆಡುವ ಮಾತನ್ನೇ ಆಡಿದಳು.

"ಹೋಗು! ಇನ್ಮೇಲೆ ನನ್ನ ಕಣ್ಣೆದುರಿಗೆ ನಿಲ್ಬೇಡ!"

"ಆಗ್ಲವ್ವ," ಎಂದ ಬೊಮ್ಮ. ಎದ್ದು ಅವಳ ಬೆನ್ನ ಹಿಂದೆ ಹೋಗಿ ನಿಂತ.

ಲೋಕವೆಲ್ಲ ಮಂಜಾಯಿತು. ದ್ಯಾವಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಿಟ್ಟು ಇಳಿಯುತ್ತ ಬಂತು. ಆ ಹುಬ್ಬಿನ ನಡುವಿನ ಗಾಯ ನೆನಪಾಯಿತು. ಯಾವಾಗ ಆಗಿತ್ತೋ, ಯಾರು ಔಷಧಿ ಹಚ್ಚಿದರೋ, ತನಗೆ ಕಂಡೇ ಇರಲಿಲ್ಲ. ಇನ್ನೊಂದು ಸಲ ನೋಡಬೇಕು ಅನ್ನಿಸಿತು. ತುಂಬ ಅನ್ನಿಸಿತು.

ಎದ್ದು ಹಿಂದಕ್ಕೆ ತಿರುಗಿದಳು. ಬೊಮ್ಮನೂ ತಿರುಗಿ ಮತ್ತೆ ಅವಳ ಹಿಂದಾದ. ಬೇಗ ತಿರುಗಿದಳು. ಅವನೂ ಬೇಗ ತಿರುಗಿದ. ಎಡವಿ ಬೀಳದಿರಲಿ ಎಂದು ಅವಳ ಸೆರಗನ್ನು ಬೇರೆ ಹಿಡಿದುಕೊಂಡಿದ್ದ.

"ಬೊಮ್ಮ, ಮುಂದಕ್ಕೆ ಬಾ ಮಗನೇ," ಎಂದಳು ದ್ಯಾವಮ್ಮ, ಮೆಲ್ಲಗೆ.

ಬೊಮ್ಮ ಯೋಚಿಸಿದ. ಅವ್ವ ಬುದ್ಧಿ ಹೇಳುವುದು ಬೈದ ಮೇಲೆ, ಗಟ್ಟಿ ದನಿಯಲ್ಲಿ. ಇಷ್ಟು ಮೆತ್ತಗೆ ಅವಳು ಯಾವತ್ತೂ ಬುದ್ಧಿ ಹೇಳಿದ್ದಿಲ್ಲ. ಹಾಗಾದರೆ ಇದು ಬುದ್ಧಿಮಾತಲ್ಲ, ತನ್ನನ್ನು ಪರೀಕ್ಷೆ ಮಾಡುತ್ತಿದ್ದಾಳೆ.

"ನಾನು ಮೋಸ ಹೋಗಲ್ಲ ಕಣವ್ವ," ಎಂದ ಹೆಮ್ಮೆಯಿಂದ. "ಈ ಸಲ ನೀ ಹೇಳಿದ್ದನ್ನ ಸರಿಯಾಗಿ ಮಾಡ್ತೀನಿ."

ಅವಳು ಬೈದಿದ್ದರೆ ಅವನು ಮುಂದೆ ಬರುತ್ತಿದ್ದ. ಬೈಯಲು ಬಾಯಿ ತೆರೆದಳು, ನಗು ಬಂತು. ಮತ್ತೆ ತೆರೆದಳು, ಅಳು ಬಂತು. ಬೈಗುಳ ಮಾತ್ರ ಎಷ್ಟು ಹುಡುಕಿದರೂ ಬರಲಿಲ್ಲ. ಅಂಗಳದಲ್ಲಿ ಅವಳು ಮಗನ ಮುಖಕ್ಕಾಗಿ ತಿರುಗುತ್ತಿದ್ದಳು, ಮಗ ಅವಳ ಮಾತಿಗಾಗಿ ಹಿಂದೆಯೇ ತಿರುಗುತ್ತಿದ್ದ.