ಓಬಳ ನಾಯಿ ನೋಡಲು ಹೋದದ್ದು, ನಾಯಿಯ ಮೂಗು ಒದ್ದೆಯಾದದ್ದು

ಲೋಕ ಆಗಿನ್ನೂ ಹಸಿಹಸಿಯಾಗಿತ್ತು. ಬೆಟ್ಟದ ಮೇಲೆ ಬೆರಳೊತ್ತಿದರೆ ಗುಳಿ ಬೀಳುತ್ತಿತ್ತು. ಯಾವ ಕಡೆ ಹರಿಯಬೇಕೆಂದು ಹೊಳೆಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಈ ಕಡೆ, ಸಂಜೆ ಆ ಕಡೆ ಹರಿದು ನೋಡುತ್ತಿತ್ತು. ಕಲ್ಲು, ಗಾಳಿ, ಮರ, ಮೃಗ ಎಲ್ಲಕ್ಕೂ ಮಾತು ಬರುತ್ತಿತ್ತು. ಸುಮ್ಮನಿರುವುದು ಹೇಗೆಂದು ಯಾರೂ ಕಲಿತಿರಲಿಲ್ಲ. ನಿನ್ನ ಹಾಗೆಯೇ, ಮಗಾ. ಅಲುಗಾಡದೆ ಕೂತುಕೋ, ತಲೆ ಬಾಚಲು ಬಿಡು.

ಆಗ ಓಬಳ ಅಂತ ಒಬ್ಬ ಬೇಟೆಗಾರನಿದ್ದ. ಅವನ ಹೆಂಡತಿ ಪಾಲಕ್ಕ. ಓಬಳನ ಬಾಣ ಗುರಿ ತಪ್ಪಿದ್ದೇ ಇಲ್ಲ. ಆದರೂ ಅವರ ಒಲೆಯ ಮೇಲೆ ಮುದ್ದೆಯ ಜೊತೆಗೆ ಬೇಯುತ್ತಿದ್ದದ್ದು ಬರೀ ಸೊಪ್ಪು. ಯಾಕೆಂದರೆ ಬಾಣ ತಾಗಿದ ಹಕ್ಕಿ ಕಾರೆಮುಳ್ಳಿನ ಪೊದೆಯೊಳಗೆ ಬೀಳುತ್ತಿತ್ತು. ಓಬಳ ಮೈಕೈ ತರಚಿಸಿಕೊಂಡು ಹುಡುಕುವಷ್ಟರಲ್ಲಿ ನರಿ ಅದನ್ನು ತಿಂದು ಬಾಯಿ ಒರೆಸಿಕೊಂಡು ಹೋಗಿರುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವ ಮಾತು ಹುಟ್ಟಿದ್ದು ಅವನ ಮನೆಯಲ್ಲೇ ಇರಬೇಕು.

ಹೀಗಿರುವಾಗ ಪಾಲಕ್ಕ ಬಸುರಿಯಾದಳು. ಬಸುರಿ ಅಂದಮೇಲೆ ಬಯಕೆ ಇದ್ದದ್ದೇ. ಒಬ್ಬರಿಗೆ ಹುಣಸೆಕಾಯಿ ಬೇಕು, ಇನ್ನೊಬ್ಬರಿಗೆ ಮಣ್ಣಿನ ಹೆಂಟೆ ಬೇಕು. ಪಾಲಕ್ಕನಿಗೆ ಬೇಕಾದದ್ದು ಗೌಜಲಕ್ಕಿಯ ಸಾರು.

"ಬೇರೆ ಏನು ಇಟ್ರೂ ಗಂಟಲಲ್ಲಿ ಇಳಿಯಲ್ಲ ಕಣಪ್ಪಾ," ಅಂದಳು.

ಬಯಕೆ ತೀರದೆ ಹುಟ್ಟಿದ ಕೂಸಿಗೆ ಕಿವಿ ಸೋರುತ್ತದೆ ಅಂತ ಹಿರಿಯರು ಹೇಳುತ್ತಿದ್ದರು. ಓಬಳನಿಗೆ ದಿಗಿಲಾಯಿತು. ದಿನವೂ ಹಕ್ಕಿ ಹೊಡೆದ, ದಿನವೂ ನರಿ ತಿಂದಿತು. ಪಾಲಕ್ಕನ ಹೊಟ್ಟೆ ಮುಂದೆ ಬಂತು, ಕೆನ್ನೆ ಒಳಗೆ ಹೋಯಿತು.

ಒಂದು ದಿನ ಅವನು ಬಂಡೆಯ ಮೇಲೆ ತಲೆಮೇಲೆ ಕೈಹೊತ್ತು ಕೂತಿದ್ದಾಗ ಗಾಳಿ ಬಂದು ಕಿವಿಯಲ್ಲಿ ಹೇಳಿತು: "ಒಂದು ನಾಯಿ ಸಾಕೋ ಓಬಳ. ಹಕ್ಕಿ ಎಲ್ಲಿ ಬಿದ್ರೂ ಹುಡುಕಿ ತರುತ್ತೆ."

ನಾಯಿಗಳು ಆಗ ಮನುಷ್ಯರ ಜೊತೆ ಇರಲಿಲ್ಲ. ಆಚೆ ಗುಡ್ಡದಲ್ಲಿ ತಮ್ಮ ತಮ್ಮ ಕುಲ ಕಟ್ಟಿಕೊಂಡು ಇದ್ದವು. ಯಾರೂ ಅವನ್ನು ಸಾಕಿದವರಿಲ್ಲ.

"ಯಾವ ನಾಯಿ ತರಲಿ?" ಅಂತ ಕೇಳಿದ ಓಬಳ. ಕೇಳಬಾರದಿತ್ತು.

"ಚೆನ್ನಾಗಿ ಓಡೋದನ್ನ ತಗೋ," ಅಂದಿತು ಗಾಳಿ.

"ಓಟ ಕಟ್ಕೊಂಡು ಏನು ಮಾಡ್ತೀಯ, ಈಜು ಬರಬೇಕು," ಅಂದಿತು ಹೊಳೆ.

"ಇದ್ದ ಕಡೆ ಇರೋ ಅಂಥದ್ದು ನೋಡ್ಕೋ," ಅಂದಿತು ಬಂಡೆ. ಗೂಬೆಯನ್ನು ಯಾರೂ ಕೇಳಿರಲಿಲ್ಲ. ಅದೂ ಬಂದು, ಕಣ್ಣು ದೊಡ್ಡದಿರಬೇಕು ಅಂತ ಹೇಳಿ ಹೋಯಿತು. ಇವರಲ್ಲಿ ಒಬ್ಬರೂ ಒಂದು ನಾಯಿಮರಿಯನ್ನಾದರೂ ಸಾಕಿದವರಲ್ಲ. ಮೊದಲ ಸಲ ನಾಯಿ ಸಾಕುವವನಿಗೆ ಲೋಕದಲ್ಲಿ ಎಲ್ಲರೂ ಗುರುಗಳೇ.

ಓಬಳ ಯೋಚಿಸಿದ. ಹೊರಗಿನ ಒಂದು ಜೀವವನ್ನು ನೋಡಿ, ಮೆಚ್ಚಿ, ಮನೆಗೆ ಕರೆತರುವ ಕೆಲಸ ಅವನು ಬಾಳಿನಲ್ಲಿ ಮಾಡಿದ್ದು ಒಂದೇ ಸಲ, ಪಾಲಕ್ಕನನ್ನು ನೋಡಲು ಹೋಗಿದ್ದಾಗ. ಅದೇ ದಾರಿ ಹಿಡಿದ. ಮೀಸೆ ತೀಡಿಕೊಂಡ, ರುಮಾಲು ಸುತ್ತಿಕೊಂಡ.

"ನಾನೂ ಬರ್ಲಾ?" ಅಂದಳು ಪಾಲಕ್ಕ.

"ನೀನು ಕೂತ್ಕೋ. ನಂಗೆ ನೋಡಿ ಗೊತ್ತು," ಅಂದ ಓಬಳ. ಗುಡ್ಡ ಹತ್ತಿದ.

ಹೆಣ್ಣು ನೋಡಲು ಹೋದವರು ಮೊದಲು ಏನು ಮಾಡುತ್ತಾರೆ? ತಿನ್ನುತ್ತಾರೆ. ನಾಯಿಗಳ ಹಿರಿಯಜ್ಜಿ ಮುತ್ತುಗದ ಎಲೆಯಲ್ಲಿ ಎಲಚಿ ಹಣ್ಣು ಸುರಿದು ಉಪಚಾರ ಮಾಡಿತು. ಓಬಳ ಬೀಜ ಉಗುಳುತ್ತಾ ಗತ್ತಿನಿಂದ ಕೂತ. ನಾಯಿಗಳೆಲ್ಲ ತಲೆ ತಗ್ಗಿಸಿ ಸಾಲಾಗಿ ನಿಂತವು. ಅವಕ್ಕೆ ಯಾರೂ ಏನೂ ಕೊಡಲಿಲ್ಲ. ತೋರಿಸಿಕೊಳ್ಳುವವರು ತಿನ್ನುವ ಪದ್ಧತಿ ಎಲ್ಲಿದೆ?

ಓಬಳ ಹಲ್ಲು ನೋಡಿದ, ಬಾಲ ಬಿಚ್ಚಿಸಿ ಉದ್ದ ನೋಡಿದ. ಮೂಗು ಮುಟ್ಟಿದ, ಹುಣಸೆಬೀಜದ ಹಾಗೆ ಒಣಗಿ ಗಟ್ಟಿಯಾಗಿತ್ತು. ಆಗ ಎಲ್ಲ ನಾಯಿಗಳ ಮೂಗೂ ಹಾಗೇ ಇತ್ತು.

"ಸ್ವಲ್ಪ ನಡೆದು ತೋರಿಸು," ಅಂದ ಒಂದಕ್ಕೆ. ಅದು ಉದ್ದಗಾಲ. ಹೊಟ್ಟೆ ಬೆನ್ನಿಗೆ ಅಂಟಿದ, ಸಣ್ಣ ನಡುವಿನ ಚೆಲುವ. ಅದು ನಡೆಯಲಿಲ್ಲ, ಓಡಿತು. ಗುಡ್ಡ ಸುತ್ತಿ ಬಂದು ನಿಂತಾಗಲೂ ಅದರ ದೂಳು ಇನ್ನೂ ಅತ್ತಲೇ ಇತ್ತು. ಓಬಳ ಮಾರುಹೋದ. ಕೈಹಿಡಿದೇ ಕರೆತಂದ.

ಮರುದಿನ ಬೇಟೆ. ಬಾಣ ಬಿಟ್ಟ, ಗೌಜಲಕ್ಕಿ ಪೊದೆಗೆ ಬಿತ್ತು. ಅಷ್ಟರಲ್ಲಿ ದೂರದಲ್ಲಿ ಒಂದು ಮೊಲ ಜಿಗಿಯಿತು. ಉದ್ದಗಾಲ ಮಾಯ. ಬಂದದ್ದು ಸಂಜೆಗೆ, ನಾಲಿಗೆ ನೇತಾಡಿಸಿಕೊಂಡು.

"ಹಕ್ಕಿ ಎಲ್ಲಿ?"

"ಯಾವ ಹಕ್ಕಿ ಅಣ್ಣಾ? ನಂಗೆ ಓಡೋದು ಮಾತ್ರ ಕಾಣುತ್ತೆ. ಬಿದ್ದಿರೋದು ಕಾಣಲ್ಲ. ನೀನು ನಡಿ ಅಂದಾಗ್ಲೇ ಓಡಿದವನು ನಾನು."

ಓಬಳ ಮತ್ತೆ ಗುಡ್ಡ ಹತ್ತಿದ. ಮತ್ತೆ ಎಲಚಿ ಹಣ್ಣು ತಿಂದ. ಈ ಸಲ ಬುದ್ಧಿ ಬಂದಿತ್ತು, ನಡೆಸಲಿಲ್ಲ. "ಒಂದು ಹಾಡು ಹೇಳು," ಅಂದ. ದೊಡ್ಡಗಂಟಲ ಅಂತ ಒಂದು ನಾಯಿ ಮುಗಿಲಿಗೆ ಮೂತಿ ಎತ್ತಿ ಹಾಡಿತು. ಗುಡ್ಡವೇ ತಲೆದೂಗಿತು. ಓಬಳನ ಕಣ್ಣಲ್ಲಿ ನೀರು ಬಂತು. ಇದೇ ಸರಿ ಅಂದ.

ಅದನ್ನು ಬೇಟೆಗೆ ಕರೆದೊಯ್ದರೆ, ಅವನು ಬಿಲ್ಲು ಎತ್ತುವ ಮೊದಲೇ ಅದು ರಾಗ ಎಳೆಯಿತು. ಕಾಡಿನಲ್ಲಿದ್ದ ಗೌಜಲಕ್ಕಿಗಳೆಲ್ಲ ಹಾರಿಹೋದವು. ಬೈದರೆ, "ಮೆಚ್ಚಿ ತಂದದ್ದು ಹಾಡಿಗೇ ಅಲ್ವಾ ಅಣ್ಣಾ?" ಅಂದಿತು.

ಪಾಲಕ್ಕನಿಗೆ ದಿನ ತುಂಬುತ್ತಾ ಬಂತು. ಅವಳೀಗ ಗೌಜಲಕ್ಕಿಯ ಹೆಸರನ್ನೂ ಎತ್ತುತ್ತಿರಲಿಲ್ಲ. ಅದರಿಂದ ಓಬಳನಿಗೆ ಬೈಗಳಿಗಿಂತ ಹೆಚ್ಚು ನೋವಾಯಿತು.

ಮೂರನೆಯ ಸಲ ಹೋದಾಗ ಅವನಿಗೆ ನಾಚಿಕೆ. ಹಿರಿಯಜ್ಜಿಯೂ ಎಲಚಿ ಹಣ್ಣು ಕಡಿಮೆ ಹಾಕಿತು. ಸಾಲಿನಿಂದ ಆಚೆ, ಕಸದ ಹತ್ತಿರ, ಜೋಲುಕಿವಿಯ ಒಂದು ಕಂದು ನಾಯಿ ನೆಲ ಮೂಸುತ್ತಾ ಓಡಾಡುತ್ತಿತ್ತು. ಹೆಸರು ಜೋಲಿ.

"ಅವಳನ್ನ ಯಾರೂ ನೋಡಕ್ಕೆ ಬರಲ್ಲ ಬಿಡಪ್ಪ. ಬರೀ ಮೂಸೋದೇ ಕೆಲಸ," ಅಂದಿತು ಅಜ್ಜಿ.

ಓಬಳನಿಗೆ ಆರಿಸುವ ಉಮೇದು ಮುಗಿದಿತ್ತು. ಜೋಲಿಯನ್ನೇ ಕರೆದುಕೊಂಡು ನೇರ ಕಾಡಿಗೆ ಹೋದ. ಬಾಣ ಬಿಟ್ಟ. ಹಕ್ಕಿ ಬಿತ್ತು. ಜೋಲಿ ಮೂಗು ನೆಲಕ್ಕಿಟ್ಟು, ಪೊದೆಗೆ ನುಗ್ಗಿ, ನರಿಗಿಂತ ಮೊದಲೇ ಹೊರಬಂತು. ಓಬಳ ಕುಣಿದಾಡಿಬಿಟ್ಟ.

"ಹಕ್ಕಿ ಸಿಕ್ತಾ?"

"ಸಿಕ್ತು ಅಣ್ಣಾ."

"ತಂದ್ಯಾ?"

"ತಂದಿದ್ದೀನಿ."

"ಎಲ್ಲಿ?"

"ಒಳಗೆ," ಅಂತ ಜೋಲಿ ಹೊಟ್ಟೆ ತೋರಿಸಿತು. ಮೂತಿಯ ಮೇಲೆ ಒಂದು ಪುಕ್ಕ ಅಂಟಿತ್ತು.

ಓಬಳ ಅದನ್ನು ಮನೆಯವರೆಗೂ ಬೈದುಕೊಂಡೇ ಬಂದ. ನಾಯಿಕುಲಕ್ಕೆಲ್ಲ ಶಾಪ ಹಾಕಿದ. ಗದ್ದಲ ಕೇಳಿ ಪಾಲಕ್ಕ ಸೊಂಟ ಹಿಡಿದುಕೊಂಡು ಹೊರಬಂದಳು. ಅಂಗಳದಲ್ಲಿ ಉದ್ದಗಾಲ ಇತ್ತು, ದೊಡ್ಡಗಂಟಲ ಇತ್ತು, ಈಗ ಜೋಲಿ. ಎಲ್ಲದರ ಪಕ್ಕೆಲುಬುಗಳೂ ಎಣಿಸುವ ಹಾಗಿದ್ದವು.

"ಇವಕ್ಕೆ ಏನು ಹಾಕ್ದೆ ತಿನ್ನಕ್ಕೆ?" ಅಂತ ಕೇಳಿದಳು.

ಓಬಳ ರುಮಾಲು ಸರಿಮಾಡಿಕೊಂಡ. "ನೋಡಕ್ಕೆ ಹೋದಾಗ..."

"ನೋಡಕ್ಕೆ ಹೋದಾಗ ನೀನು ತಿಂದೆ. ಅದು ಗೊತ್ತು. ನಮ್ಮಪ್ಪನ ಮನೇಲೂ ಹಂಗೇ ಮಾಡ್ದೆ. ನಾನು ಬಾಗಿಲ ಸಂದೀಲಿ ಹಸ್ಕೊಂಡು ನಿಂತಿದ್ದೆ. ಕರ್ಕೊಂಡು ಬಂದ್ಮೇಲಾದ್ರೂ ಹಾಕಬೇಕಲ್ಲ?"

ಓಬಳನಿಗೆ ಅದು ಹೊಳೆದೇ ಇರಲಿಲ್ಲ. ಪಾಪ, ಲೋಕದಲ್ಲಿ ನಾಯಿಗೆ ಅನ್ನ ಹಾಕಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲವಲ್ಲ. ಪಾಲಕ್ಕ ಒಳಗೆ ಹೋಗಿ, ತನ್ನ ಗಂಟಲಲ್ಲಿ ಇಳಿಯದ ರಾಗಿ ಮುದ್ದೆಯನ್ನು ತಂದು ಮುರಿದು ಮೂವರಿಗೂ ಇಟ್ಟಳು. ನಾಯಿಗಳು ತಿಂದವು. ತಿನ್ನುವಾಗ ಬಾಲ ತಾನಾಗಿ ಅಲ್ಲಾಡಿತು.

ಆಮೇಲೆ ಅವಳು ಜೋಲಿಯ ಮುಂದೆ ಕಷ್ಟಪಟ್ಟು ಕೂತಳು. "ನೋಡವ್ವ, ಹೊಟ್ಟೇಲಿ ಕೂಸೈತೆ. ಆ ಹಕ್ಕಿ ಸಾರು ಬಿಟ್ಟು ಇನ್ನೇನೂ ಬೇಡ ಅಂತೈತೆ. ನಿಂಗೆ ಹುಡುಕಕ್ಕೆ ಬರುತ್ತೆ. ಕಚ್ಚದೆ ತಂದ್ಕೊಡ್ತೀಯಾ?"

ಜೋಲಿ ಮೂತಿಗೆ ಅಂಟಿದ ಮುದ್ದೆ ನೆಕ್ಕಿಕೊಂಡಿತು. "ಬಾಯಿಗೆ ಬಂದದ್ದನ್ನ ನುಂಗದೆ ಇರೋದು ನಮ್ಮ ಕುಲದಲ್ಲಿ ಯಾರೂ ಮಾಡಿಲ್ಲ ಅಕ್ಕ. ನೋಡ್ತೀನಿ," ಅಂದಿತು.

ಮಾರನೆಯ ದಿನ ಹಕ್ಕಿ ಬಿದ್ದದ್ದು ಹಳ್ಳದ ಆಚೆ ದಡದಲ್ಲಿ. ಓಬಳ ಈಚೆಯೇ ಉಳಿದ. ಜೋಲಿ ಹಳ್ಳ ದಾಟಿ, ಹುಡುಕಿ, ಮೆಲ್ಲಗೆ ಬಾಯಲ್ಲಿ ಹಿಡಿಯಿತು. ಬೆಚ್ಚಗೆ, ಕೊಬ್ಬಿದ ಗೌಜಲಕ್ಕಿ. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಅಂತಾರಲ್ಲ, ಹಾಗಾಯಿತು ಅದರ ಪಾಡು.

ದಾರಿಯಲ್ಲಿ ನರಿ ಅಡ್ಡ ಬಂತು. "ಏನಕ್ಕಾ, ಒಬ್ಬಳೇ ಹೊತ್ಕೊಂಡು ಹೊರಟೆ. ಒಂದು ಕಾಲು ನಂಗೆ, ಒಂದು ಕಾಲು ನಿಂಗೆ. ಕಾಲಿಲ್ಲದ ಹಕ್ಕಿ ಅಂತ ಹೇಳಿದ್ರಾಯ್ತು."

ಜೋಲಿಗೆ ಬೈಯಬೇಕು ಅಂತ ಬಲು ಆಸೆ. ಬಾಯಿ ತೆರೆದರೆ ಹಕ್ಕಿ ಹೋಗುತ್ತದೆ. ಮೂಗಿನಲ್ಲೇ ಗುರ್ ಅಂದು ಮುಂದೆ ನಡೆಯಿತು.

ಬಾಯಲ್ಲಿ ನೀರು ಊರತೊಡಗಿತು. ಒಂದು ಗುಟುಕು ನುಂಗೋಣ ಅಂದರೆ, ನೀರಿನ ಹಿಂದೆಯೇ ಹಕ್ಕಿಯೂ ಜಾರಿ ಒಳಗೆ ಹೋಗುತ್ತದೆ ಅನ್ನುವ ಭಯ. ಉಗುಳೋಣ ಅಂದರೆ ಹಕ್ಕಿ ಕೆಳಗೆ ಬೀಳುತ್ತದೆ, ನರಿ ಹಿಂದೆಯೇ ಇದೆ. ನೀರು ಊರಿತು, ಊರಿತು, ಬಾಯಿ ತುಂಬಿತು, ಕೆನ್ನೆ ಉಬ್ಬಿತು. ಕೆಳಗೆ ಇಳಿಯಲು ದಾರಿ ಇಲ್ಲ, ಹೊರಗೆ ಬೀಳಲು ದಾರಿ ಇಲ್ಲ. ಕಡೆಗೆ ಅದು ಮೇಲಕ್ಕೆ ಹತ್ತಿತು. ಹುಣಸೆಬೀಜದಂತಿದ್ದ ಮೂಗು ನೆನೆಯಿತು, ತೊಟ್ಟಿಕ್ಕಿತು.

ಹಾಗೇ ತೊಟ್ಟಿಕ್ಕಿಸುತ್ತಾ, ಓಬಳನನ್ನೂ ದಾಟಿ ಮನೆಗೆ ಬಂದು ಜೋಲಿ ಪಾಲಕ್ಕನ ಮಡಿಲಲ್ಲಿ ಹಕ್ಕಿ ಇಟ್ಟಿತು. ಪಾಲಕ್ಕ ತಿರುಗಿಸಿ ಮುರುಗಿಸಿ ನೋಡಿದಳು. ಒಂದು ಹಲ್ಲಿನ ಗುರುತೂ ಇರಲಿಲ್ಲ. ಅವಳಿಗೆ ಅಳು ಬಂತು.

"ಅಯ್ಯೋ, ನನ್ನಿಂದ ಇದಕ್ಕೆ ನೆಗಡಿ ಹಿಡೀತಲ್ಲ," ಅಂತ ಸೆರಗಿನಿಂದ ಜೋಲಿಯ ಮೂಗು ಒರೆಸಿದಳು. ಮತ್ತೆ ಒದ್ದೆಯಾಯಿತು. ಮತ್ತೆ ಒರೆಸಿದಳು. ಮೆಣಸಿನ ಕಷಾಯವನ್ನೂ ಕುಡಿಸಿದಳು. ಜೋಲಿ ಸೀನಿತು, ಮೂಗು ಒಣಗಲಿಲ್ಲ.

ಸಾರು ಕುದಿಯಿತು. ಪಾಲಕ್ಕ ಮೊದಲ ಬಟ್ಟಲು ಕುಡಿದು, ಎರಡನೆಯದನ್ನು ಮುದ್ದೆ ಕಿವುಚಿ ಜೋಲಿಗೆ ಇಟ್ಟಳು. ಓಬಳನ ಪಾಲಿಗೆ ಸೊಪ್ಪೇ ಬಂತು. ಅವನು ಅದನ್ನೇ ಉಂಡ. ಉದ್ದಗಾಲ ಮೊಲದ ಬೇಟೆಗೆ ಆಯಿತು, ದೊಡ್ಡಗಂಟಲ ಬಾಗಿಲು ಕಾಯಲು ಆಯಿತು. ಪಾಲಕ್ಕ ಯಾರನ್ನೂ ಗುಡ್ಡಕ್ಕೆ ವಾಪಸು ಕಳಿಸಲಿಲ್ಲ.

ಕೂಸು ಹುಟ್ಟಿತು, ಹೆಣ್ಣು. ಓಬಳ ಹೆದರುತ್ತಾ ಕಿವಿ ಮುಟ್ಟಿ ನೋಡಿದ. ಒಣಗಿ ಬೆಚ್ಚಗಿದ್ದವು. ಜೋಲಿಯ ಮಕ್ಕಳು ಮೊಮ್ಮಕ್ಕಳು ಎಲ್ಲ ಕುಲಗಳಲ್ಲೂ ಹರಡಿದವು, ಒದ್ದೆ ಮೂಗನ್ನೂ ಜೊತೆಗೆ ಒಯ್ದವು.

ಅದಕ್ಕೇ ಮಗಾ, ಈಗ ನಮ್ಮ ನಾಯಿ ಕೆಂದ ಬಂದು ನಿನ್ನ ಅಂಗೈಗೆ ಮೂಗೊತ್ತಿದರೆ, ನೀನು ಥೂ ಅಂತ ಲಂಗಕ್ಕೆ ಒರೆಸಿಕೊಳ್ಳುತ್ತೀಯಲ್ಲ, ಆ ತಣ್ಣನೆಯ ಒದ್ದೆ ಇದೆಯಲ್ಲ, ಅದು ಇನ್ನೊಬ್ಬರ ಕೂಸಿಗಾಗಿ ಒಂದು ನಾಯಿ ಅಂದು ನುಂಗದೆ ಉಳಿಸಿಕೊಂಡ ನೀರು.