ಮುಂದಿನ ಗಾಲಿಗಳ ಗಂಟು

ಹೊಳೆದಂಡೆಯ ಆಶ್ರಮದಲ್ಲಿ ನೀಲಮ್ಮ ತಾಯಿ ಎಂಬ ಗುರು ಇದ್ದರು. ಆಶ್ರಮದ ಜೀಪು ಓಡಿಸುವ ಚೆನ್ನಬೀರ ಅವರ ಶಿಷ್ಯ.

ಶಿಷ್ಯ ಅಂದರೆ ಎಂಥ ಶಿಷ್ಯ. ಜಪಕ್ಕೆ ಕೂತರೂ ಒಂದು ಕಣ್ಣು ಹೆಂಡತಿ ಶಿವಗಂಗೆಯ ಮೇಲೆ. ಅವಳು ನೀರಿಗೆ ಹೋದರೆ ಇವನೂ ನೀರಿಗೆ. ಅವಳು ಅಕ್ಕನ ಮನೆಗೆ ಹೋದರೆ ಇವನು ಆ ಮನೆಯ ಜಗಲಿಯಲ್ಲಿ. ಹೊಳೆಯಲ್ಲಿ ಬಟ್ಟೆ ಒಗೆಯುವ ಹೆಂಗಸರಿಗೆ ಬೇರೆ ಮಾತೇ ಇರಲಿಲ್ಲ. ಕೊನೆಗೆ ಶಿವಗಂಗೆ, ತವರಿಗೆ ಹೋಗುತ್ತೇನೆ, ತಿರುಗಿ ಬರುವವಳಲ್ಲ ಎಂದು ಬಟ್ಟೆಗಂಟು ಕಟ್ಟಿ ಜೀಪಿನಲ್ಲಿಟ್ಟಳು.

ಅಂಥ ಬೆಳಗ್ಗೆ ಈ ಮಹಾರಾಯನಿಗೆ ಗಾಲಿಯ ಚಿಂತೆ.

ಹೊಳೆ ದಾಟುವಾಗ ಜೀಪಿನ ಮುಂದಿನ ಒಂದು ಗಾಲಿ ಕೆಸರಲ್ಲಿ ಸುಮ್ಮನೆ ಗಿರಗಿರ ತಿರುಗುತ್ತಿತ್ತು, ಇನ್ನೊಂದು ಕದಲುತ್ತಿರಲಿಲ್ಲ. ಎರಡನ್ನೂ ಒಂದೇ ಸಮ ತಿರುಗಿಸುವ ಲಾಕರ್ ಹಾಕಿಸು ಎಂದಿದ್ದ ಮೆಕ್ಯಾನಿಕ್. ಅದರಲ್ಲಿ ಎರಡು ಬಗೆಯಂತೆ. ಒಂದು ಸದಾ ಬಿಗಿದೇ ಇರುತ್ತದೆ. ಇನ್ನೊಂದು ಗುಂಡಿ ಒತ್ತಿದಾಗ ಮಾತ್ರ ಬಿಗಿಯುತ್ತದೆ.

“ಸದಾ ಬಿಗಿದಿರುವುದನ್ನೇ ಹಾಕಿಸಲೇ, ತಾಯಿ? ಸಡಿಲ ಬಿಟ್ಟರೆ ತಾನೇ ಕೆಡುವುದು?”

“ಜೀಪು ದಿನಾ ಓಡುವುದು ಎಲ್ಲಿ?”

“ಪೇಟೆಯ ಟಾರು ರಸ್ತೆಯಲ್ಲಿ. ಹಾಲಿನ ಕ್ಯಾನು, ಶಾಲೆಯ ಮಕ್ಕಳು. ತಿರುವುಗಳೇ ಜಾಸ್ತಿ.”

ತಾಯಿ ಶಿವಗಂಗೆಯನ್ನು ಕರೆದರು. ಅವಳ ಸೆರಗಿಗೂ ಅವನ ಶಲ್ಯಕ್ಕೂ ಮದುವೆಯ ದಿನದಂತೆ ಗಂಟು ಹಾಕಿದರು, ಸ್ವಲ್ಪವೂ ಸಡಿಲವಿಲ್ಲದಂತೆ. ಇಬ್ಬರೂ ಒಂದೇ ಅಳತೆಯ ಹೆಜ್ಜೆ ಹಾಕುತ್ತ ಅರಳಿಮರ ಸುತ್ತಿ ಬನ್ನಿ ಎಂದರು.

ಅವನು ಮರದ ಮಗ್ಗುಲಿಗೆ, ಅವಳು ಹೊರಗಿನ ಮಗ್ಗುಲಿಗೆ. ದಾರಿ ನೆಟ್ಟಗಿರುವಷ್ಟು ದೂರ ಜೋಡಿ ಚೆನ್ನಾಗಿಯೇ ನಡೆಯಿತು. ತಿರುಗಬೇಕಾದಲ್ಲಿ ಹೊರಗಿನವಳಿಗೆ ದಾರಿ ಉದ್ದ, ಹೆಜ್ಜೆ ಮಾತ್ರ ಅಷ್ಟೇ. ತಿರುಗಲು ಆಗಲೇ ಇಲ್ಲ. ಗಂಡಹೆಂಡಿರು ಮರ ಬಿಟ್ಟು ಸೀದಾ ಹೊಳೆಯ ಕಡೆ ಹೊರಟರು. ಒಗೆಯುತ್ತಿದ್ದ ಹೆಂಗಸರು ಬಾಯಿಗೆ ಸೆರಗು ತುರುಕಿಕೊಂಡರು.

ದಂಡೆಯ ಕೆಸರಿಗೆ ಮೊದಲು ಇಳಿದವನು ಚೆನ್ನಬೀರ. ಮೊಣಕಾಲವರೆಗೆ ಹೂತುಹೋದ. ಶಿವಗಂಗೆ ಇನ್ನೂ ಗಟ್ಟಿ ನೆಲದಲ್ಲಿದ್ದಳು. ಗಂಟು ಬಿಚ್ಚಿ ನಡೆದುಬಿಡಬಹುದಿತ್ತು. ನೋಡುವವರೆಲ್ಲ ಅದನ್ನೇ ಕಾಯುತ್ತಿದ್ದರು.

ಅವಳು ಗಂಟನ್ನು ಎರಡೂ ಕೈಯಲ್ಲಿ ಹಿಡಿದು, ಕಾಲೂರಿ ಎಳೆದಳು. ಅವನು ಮೇಲೆ ಬಂದ.

ಹೆಂಗಸರ ಬಾಯಿಂದ ಸೆರಗು ಜಾರಿತು. ಎತ್ತಿದ ಬಟ್ಟೆ ಕಲ್ಲಿಗೆ ಬೀಳಲಿಲ್ಲ.

ಹಗಲೂ ರಾತ್ರಿ ಕಾವಲು ಕಾದ ಚೆನ್ನಬೀರನ ಕಣ್ಣಿಗೆ ಆ ತೋಳಿನ ಬಲ ಒಮ್ಮೆಯೂ ಬಿದ್ದಿರಲಿಲ್ಲ. ತಾನೇ ಗಂಟು ಬಿಚ್ಚಿದ.

“ಗುಂಡಿಯದನ್ನೇ ಹಾಕಿಸುತ್ತೇನೆ, ತಾಯಿ.”

ತಾಯಿ ಹೂಂ ಎಂದು ಒಳಗೆ ಹೊರಟರು. ಅವನು ಹಿಂದೆಯೇ ಹೋಗಿ ಮೆಲ್ಲಗೆ ಕೇಳಿದ.

“ಗುಂಡಿ ಎಲ್ಲಿ ಕೂರಿಸಲಿ? ನನ್ನ ಬಲಗೈ ಹತ್ತಿರವೇ?”

ತಾಯಿ ಜೀಪಿನ ಕಡೆ ನೋಡಿದರು. ಶಿವಗಂಗೆಯ ಬಟ್ಟೆಗಂಟು ಇನ್ನೂ ಅಲ್ಲೇ ಇತ್ತು.

“ಅವಳ ಕೈಗೆ ಎಟುಕುವ ಕಡೆ.”