ನೀರು ಕಾಣದ ಮೀನು

“ಕೇಳಿರಪ್ಪೋ ಕೇಳಿ! ಕಲ್ಲಂಗಳದ ದೊರೆ ಬಲ್ಲರಸರ ಅಪ್ಪಣೆ! ರಾಜಕುಮಾರಿ ಚಂದಲಾದೇವಿ ಕೇಳುವ ಮೂರು ಒಗಟು ಬಿಡಿಸಿದವನಿಗೆ ಅರ್ಧ ರಾಜ್ಯ ಕೊಟ್ಟು, ಕುಮಾರಿಯನ್ನು ಧಾರೆ ಎರೆಯಲಾಗುವುದು! ತಪ್ಪು ಹೇಳಿದವನ ತಲೆ ಅಂದೇ ತೆಗೆಯಲಾಗುವುದು!”

ಡಂಗುರದ ಕೊನೆಯ ಮಾತು ಕೇಳಿ ಮಾಳಿಗೆಯಲ್ಲಿದ್ದ ಚಂದಲೆ ಕಿವಿ ಮುಚ್ಚಿಕೊಂಡಳು. ಒಗಟು ಅವಳದು, ತಲೆಯ ಮಾತು ಅಪ್ಪನದು.

ಅವಳಿಗೆ ಬಹುಕಾಲದಿಂದ ಹಿಮ್ಮಡಿ ನೋವು. ಬೆಳಗ್ಗೆ ಮಂಚದಿಂದಿಳಿದು ಕಾಲೂರಿದರೆ ಪ್ರಾಣ ಹೋದಂತಾಗುತ್ತಿತ್ತು. ಬಾವಿಲ್ಲ, ಗಾಯವಿಲ್ಲ, ಆದ್ದರಿಂದ ನಂಬುವವರೂ ಇಲ್ಲ. “ಮದುವೆ ಮಾತೆತ್ತಿದಾಗಲೆಲ್ಲ ನಿನಗೆ ಕಾಲುನೋವು” ಎಂದು ಅರಸ ನಕ್ಕುಬಿಟ್ಟ. ಆ ಸಿಟ್ಟಿಗೆ ಅವಳು, “ನನ್ನ ನೋವು ತಿಳಿದವನನ್ನೇ ಮದುವೆಯಾಗ್ತೀನಿ. ಒಗಟು ಕೇಳ್ತೀನಿ, ಬಿಡಿಸಲಿ” ಎಂದಳು. ಕಂಡಕಂಡವರೆಲ್ಲ ಬಂದು ಸಾಲುಗಟ್ಟಬಾರದೆಂದು ಅರಸ ತಲೆಯ ಷರತ್ತು ಸೇರಿಸಿದ. ಆಡಿದ ಮಾತು ಹಿಂತೆಗೆಯುವ ಪದ್ಧತಿ ಆ ವಂಶದಲ್ಲಿರಲಿಲ್ಲ.

ಇನ್ನೊಂದು ಪದ್ಧತಿಯಿತ್ತು. ಮೂಲಪುರುಷ ಹಾಸಿಸಿದ ಕಲ್ಲಿಗೆ ಚರ್ಮ ತಾಗಿದರೆ ಮೈಲಿಗೆ ಎಂದು ಕೋಟೆಯೊಳಗೆ ಯಾರೂ ಮೆಟ್ಟು ಮೆಟ್ಟುವಂತಿರಲಿಲ್ಲ. ಅರಸನಿಂದ ಆಳಿನವರೆಗೆ ಎಲ್ಲರೂ ಬರಿಗಾಲು, ಅದೇ ಒಂದು ಹೆಮ್ಮೆ. ಕಾಲಿನ ಚರ್ಮವೂ ಚರ್ಮವಲ್ಲವೇ ಎಂದು ಯಾವ ಪುಣ್ಯಾತ್ಮನೂ ಕೇಳಿರಲಿಲ್ಲ.

ಮೊದಲು ದಳವಾಯಿಯ ಮಗ ಬಂದ. ಬಾಗಿಲು ಮುಚ್ಚಿದರು. ಚಂದಲೆ ಕೇಳಿದಳು: “ನಾನು ಮಲಗಿದ್ದಾಗ ಒಬ್ಬ ಕಳ್ಳ ಕಾಲಡಿ ಸೇರಿಕೊಳ್ತಾನೆ. ಎದ್ದು ನಿಂತ ಕೂಡಲೇ ಇರೀತಾನೆ, ನಾಲ್ಕು ಹೆಜ್ಜೆ ನಡೆದರೆ ಓಡಿಹೋಗ್ತಾನೆ. ಗುರುತು ಬಿಡೋದಿಲ್ಲ. ಯಾರವನು?”

“ಹಾವು” ಎಂದ ಅವನು, ಮೀಸೆ ತಿರುವುತ್ತ. ಸಂಜೆಗೆ ಆ ಮೀಸೆ ಮಣ್ಣು ಸೇರಿತು.

ಆಮೇಲೆ ಬಂದವನು ಹೂವಾಡಗಿತ್ತಿ ಸಾತವ್ವನ ಒಬ್ಬನೇ ಮಗ, ಸಂಗಣ್ಣ. “ಅದು ಹಿಮ್ಮಡಿ ನೋವು ತಾಯಿ. ನಮ್ಮವ್ವನಿಗೂ ಐತೆ” ಎಂದ. ಚಂದಲೆಯ ಕಣ್ಣು ತುಂಬಿತು. ಕಣ್ಣೊರೆಸಿಕೊಂಡು ಎರಡನೆಯದನ್ನು ಕೇಳಿದಳು: “ನನ್ನ ಹತ್ರ ಎರಡು ಬಿಲ್ಲಿವೆ. ಬಾಣ ಹೂಡಿದವರಿಲ್ಲ, ಆದರೂ ಹೆದೆ ನೊಂದಿದೆ. ಬಿಲ್ಲು ಯಾವುದು?”

ಅವನು ಅವಳ ಮುಖವನ್ನೇ ನೋಡಿ, “ಹುಬ್ಬು” ಎಂದ. ಅವಳು ಅಪ್ಪನ ಕಾಲು ಹಿಡಿದು ಬೇಡಿಕೊಂಡಳು. ಅರಸನ ಮನಸ್ಸು ಕರಗಲಿಲ್ಲ, ಸಂಗಣ್ಣನ ತಲೆಯೂ ಹೋಯಿತು.

ಮೂರನೆಯವನು ಜೋಯಿಸ. ಎರಡನ್ನು ಬಿಡಿಸಿದ. ಚಂದಲೆ ಕೊನೆಯದನ್ನು ಕೇಳಿದಳು: “ನೀರು ಕಾಣದ ಮೀನೊಂದಿದೆ. ಅದು ಮೇಲೆ ಬಿಗಿದರೆ ಕೆಳಗೆ ಹೆದೆ ನೋಯುತ್ತೆ. ಆ ಮೀನು ಯಾವುದು?” ಅವನು ಬೆರಳೆಣಿಸಿ “ಮೀನರಾಶಿ” ಎಂದ. ಗ್ರಹಗತಿ ನೋಡಿ ಬಂದವನಿಗೆ ತನ್ನ ಗತಿಯೇ ಕಾಣಲಿಲ್ಲ.

ಒಗಟು ಕೇಳಿದವರು ಯಾರೂ ಹೊರಗೆ ಹೋಗಿ ಹೇಳಲು ಉಳಿಯುತ್ತಿರಲಿಲ್ಲ. ಚಂದಲೆ ಅನ್ನ ಬಿಟ್ಟಳು. ಇನ್ನು ಯಾರೂ ಬಾರದಿರಲಿ, ಕಾಲು ಹಾಳಾಗಿಹೋಗಲಿ ಎಂದು ಬೇಡುತ್ತ ಕೂತಿದ್ದಾಗ ಬಾಗಿಲು ತೆರೆಯಿತು. ಬಂದವನು ಅವಳ ಮೇನೆ ಹೊರುವ ಬೋವಿ ಜುಂಜ. ತಲೆ ಹೋದವರ ಹೆಣ ಹೊರುವ ಕೆಲಸವೂ ಅವನದೇ.

“ಹೋಗಿಬಿಡೋ” ಎಂದಳು ಅವಳು. “ನಿನಗ್ಯಾಕೆ ಇದು?”

“ಇನ್ನೊಂದು ಹೆಣ ಹೊರೋ ಶಕ್ತಿ ಇಲ್ಲ ಅವ್ವಾ. ಕೇಳಿ.”

ಅವನು ಹಿಮ್ಮಡಿ ಎತ್ತಿ, ತುದಿಗಾಲಲ್ಲಿ ನಡೆದು ಬಂದಿದ್ದ. ಅದು ತನ್ನದೇ ನಡಿಗೆ ಎಂದು ಚಂದಲೆ ಗುರುತಿಸಿದಳು. ಅರಸ ಬಂದು ಕೂತ ಮೇಲೆ ಮೂರೂ ಒಗಟನ್ನು ಒಟ್ಟಿಗೇ ಹೇಳಿಬಿಟ್ಟು ಕಣ್ಣು ಮುಚ್ಚಿಕೊಂಡಳು.

“ಕಳ್ಳ ಹಿಮ್ಮಡಿ ನೋವು. ಬಿಲ್ಲು ಪಾದದ ಕಮಾನು” ಎಂದ ಜುಂಜ. “ಹಿಮ್ಮಡಿಯಿಂದ ಬೆರಳ ಬುಡದ ತನಕ ಅಡಿಗಾಲಲ್ಲಿ ಒಂದು ಗಟ್ಟಿ ನಾರೈತೆ, ಅದೇ ಹೆದೆ. ರಾತ್ರಿ ಕುಗ್ಗುತದೆ, ಬೆಳಗ್ಗೆ ಮೈಭಾರ ಬಿದ್ದೇಟಿಗೆ ಜಗ್ಗಿ ಚುಳ್ ಅಂತದೆ.”

“ಮೀನು?” ಎಂದ ಅರಸ. ಕಟುಕ ಆಗಲೇ ಬಾಗಿಲಿಗೆ ಬಂದಿದ್ದ.

ಜುಂಜ ತನ್ನ ಮೊಣಕಾಲ ಕೆಳಗಿನ ಹಿಂಬದಿಯನ್ನು ತಟ್ಟಿದ. “ಮೀನಖಂಡ, ಬುದ್ಧಿ. ದಿನಾ ಬಾಯಲ್ಲಿ ಆಡೋ ಮಾತು. ಇದು ಬಿಗಿದ್ರೆ ಹಿಮ್ಮಡೀನ ಮೇಲಕ್ಕೆ ಎಳೀತದೆ, ಹೆದೆಗೆ ಜಗ್ಗಾಟ. ನನಗೂ ಹಿಂಗೇ ಆದಾಗ, ಗರಡಿಯಲ್ಲಿ ಕೀಲು ಕೂರಿಸೋ ನಮ್ಮ ಸೋದರಮಾವ ಕೈಯಾರೆ ನೀವಿ ಹೇಳಿಕೊಟ್ಟ.”

ಅಪ್ಪಣೆ ಕೇಳಿ ಅವನು ಚಂದಲೆಯ ಪಾದ ಹಿಡಿದ. ಹೆಬ್ಬೆರಳಿನಿಂದ ಕಮಾನಿನುದ್ದಕ್ಕೂ ಒತ್ತಿದ, ಮೀನಖಂಡ ನೀವಿದ, ಬಿಗಿದುಕೊಂಡಿದ್ದ ಕಣಕಾಲಿನ ಕೀಲನ್ನು ಮೆಲ್ಲಗೆ ಆಡಿಸಿ ಸಡಿಲಿಸಿದ. “ಒಂದೇ ದಿನಕ್ಕೆ ಹೋಗಲ್ಲವ್ವಾ, ತಿಂಗಳುಗಟ್ಟಲೆ ಹಿಡೀತದೆ. ಮಂಚ ಇಳಿಯೋ ಮುಂಚೆ ಕಾಲ್ಬೆರಳು ನಿಮ್ಮ ಕಡೆಗೆ ಎಳಕೊಳ್ಳಿ. ಬರಿಗಾಲಲ್ಲಿ ಕಲ್ಲು ತುಳೀಬೇಡಿ.”

ಅರಸ ಅರ್ಧ ರಾಜ್ಯದ ಮಾತೆತ್ತಿದ, ಮಗಳ ಮಾತೂ ಎತ್ತಿದ.

“ನನಗೆ ಹೆಂಡ್ತಿ ಇದಾಳೆ ಬುದ್ಧಿ. ರಾಜ್ಯ ಸುತ್ತೋಕೆ ಕಾಲಿಲ್ಲ” ಎಂದ ಜುಂಜ. “ಎಲ್ಲರಿಗೂ ಮೆಟ್ಟು ಮೆಟ್ಟೋ ಅಪ್ಪಣೆ ಕೊಡಿ. ತಲೆ ತೆಗೆಯೋದು ನಿಲ್ಸಿ.”

ಅರಸ ಎರಡನ್ನೂ ಕೊಟ್ಟ, ಮೇಲೊಂದು ಉಂಬಳಿ ಹೊಲವನ್ನೂ ಕೊಟ್ಟ. ಜುಂಜ ಹೊಸ ಮೆಟ್ಟು ಮೆಟ್ಟಿ ಮನೆಗೆ ಹೋದ. ಊರು ಹಬ್ಬ ಮಾಡಿತು.

ಚಂದಲೆ ಹಬ್ಬಕ್ಕೆ ಕೂರಲಿಲ್ಲ. ಮೇನೆ ಬೇಡವೆಂದು, ಮೆತ್ತನೆಯ ಮೆಟ್ಟಿನಲ್ಲಿ ಕುಂಟುತ್ತಲೇ ಸಂಗಣ್ಣನ ತಾಯಿ ಸಾತವ್ವನ ಗುಡಿಸಲಿಗೆ ನಡೆದಳು. ಮುದುಕಿ ಜಗಲಿಯಲ್ಲಿ ಕೂತಿದ್ದಳು. ಮುಂದಿದ್ದ ಹೂಬುಟ್ಟಿ ಬರಿದಾಗಿತ್ತು. ಚಂದಲೆ ನೆಲದ ಮೇಲೆ ಕೂತು, ಮುದುಕಿಯ ಒಡೆದ ಪಾದವನ್ನು ಮಡಿಲಿಗೆ ಎಳೆದುಕೊಂಡು, ಜುಂಜ ತೋರಿಸಿದಂತೆ ಹಿಮ್ಮಡಿಯಿಂದ ಮುಂದಕ್ಕೆ ಒತ್ತತೊಡಗಿದಳು.

ಸಾತವ್ವ ಪಾದ ಎಳೆದುಕೊಳ್ಳಲಿಲ್ಲ. ಚಂದಲೆಯ ಹೆಬ್ಬೆರಳನ್ನೇ ನೋಡುತ್ತ ಹೇಳಿದಳು:

“ಅವನೂ ಅಲ್ಲೇ ಒತ್ತುತಿದ್ದ.”